ನೋಡುವವನ ಋಣ

ಕೋಲಾರದಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದು ಯಾರಾದರೂ ಕೇಳಿದರೆ ಒಂದು ಮಾತಿನಲ್ಲಿ ಹೇಳಲು ಬರುವುದಿಲ್ಲ. ಮಾಲೂರಿನ ಒಂದು ಹೂಗಿಡದ ನರ್ಸರಿ, ಮುಳಬಾಗಿಲಿನ ಒಂದು ಟ್ಯೂಷನ್ ಕೇಂದ್ರ, ಶ್ರೀನಿವಾಸಪುರದ ಕಡೆಯ ಕೆಲವು ಮಾವಿನ ತೋಟದವರು, ಕೋಲಾರದ ಒಂದೆರಡು ಅಂಗಡಿಗಳು, ಇವರ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಆದರೆ ದಿನದ ಹೆಚ್ಚಿನ ಹೊತ್ತು ನಾನು ನೋಡುವುದು ಆ ವೆಬ್‌ಸೈಟುಗಳನ್ನು ನೋಡಲು ಬಂದವರನ್ನು. ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟದಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಬೆರಳು ಎಲ್ಲಿಯವರೆಗೆ ಇಳಿಯಿತು, ಯಾವ ಬಟನ್ ಒತ್ತುವ ಮುಂಚೆ ಮನಸ್ಸು ಬದಲಾಯಿಸಿ ಹೊರಟುಹೋದರು. ಇದಕ್ಕೆ ವೆಬ್ ಅನಲಿಟಿಕ್ಸ್ ಎಂದು ಹೆಸರು. ಬಂದವರಿಗೆ ನಾನು ಕಾಣುವುದಿಲ್ಲ. ನನಗೆ ಅವರು ಕಾಣುತ್ತಾರೆ. ಮುಖವಿಲ್ಲ, ಹೆಸರಿಲ್ಲ, ಆದರೂ ಕಾಣುತ್ತಾರೆ.

ಒಬ್ಬರಿಗೆ ತಿಳಿಯದಂತೆ ಅವರನ್ನು ನೋಡುವುದು, ನೋಡಿ ತಿಳಿದದ್ದನ್ನು ಅವರಿಗೇ ಏನಾದರೂ ಮಾರಲು ಬಳಸುವುದು ಸರಿಯೇ? ಈ ಪ್ರಶ್ನೆ ನನ್ನ ವೃತ್ತಿಯವರ ನಡುವೆ ಅಷ್ಟಾಗಿ ಏಳುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಹೀಗೆ ಮಾಡಿದರೆ ಆರ್ಡರ್ ಹೆಚ್ಚುತ್ತದೆಯೇ?

ಮೊದಲು ನನ್ನ ಕೆಲಸದ ಪರವಾಗಿ ಹೇಳಬಹುದಾದ ಮಾತನ್ನು ಹೇಳಿಬಿಡುತ್ತೇನೆ. ನೋಡದೆ ವ್ಯಾಪಾರ ಮಾಡಿದವರು ಯಾರು? ಸೀರೆ ಅಂಗಡಿಯಲ್ಲಿ ಹಾಸಿನ ಮೇಲೆ ಕೂತು ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕುವವರು ಸೀರೆಯನ್ನು ನೋಡುತ್ತಿರುವುದಿಲ್ಲ. ಕೊಳ್ಳಲು ಬಂದ ಹೆಂಗಸಿನ ಕಣ್ಣು ಯಾವ ಸೀರೆಯ ಮೇಲೆ ಎರಡನೇ ಸಲ ಹೋಯಿತು, ಬೆಲೆ ಹೇಳಿದಾಗ ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿದಳೋ ಇಲ್ಲವೋ ಎಂಬುದನ್ನು ನೋಡುತ್ತಿರುತ್ತಾರೆ. ಹಾಗೆ ನೋಡಿದ್ದಕ್ಕೆ ನಾವು ಅವರನ್ನು ಪಾಪಿ ಎನ್ನುವುದಿಲ್ಲ. 'ವ್ಯಾಪಾರ ಗೊತ್ತು' ಎನ್ನುತ್ತೇವೆ. ನಾನು ಪರದೆಯ ಮೇಲೆ ನೋಡುವುದೂ ಅದನ್ನೇ ಅಲ್ಲವೇ?

ಅದನ್ನೇ, ಆದರೆ ಒಂದು ವ್ಯತ್ಯಾಸವಿದೆ. ಸೀರೆ ಅಂಗಡಿಯಲ್ಲಿ ಆಕೆಯೂ ಅವರನ್ನು ನೋಡುತ್ತಿರುತ್ತಾಳೆ. ಹಿಡಿಸಿದ ಸೀರೆಯನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ, ಹಿಡಿಸದ ಸೀರೆಯ ಬೆಲೆ ಕೇಳುತ್ತಾಳೆ. 'ಬೇರೆ ಕಡೆ ನೋಡ್ಕೊಂಡು ಬರ್ತೀವಿ' ಎಂದು ಎದ್ದು ನಿಲ್ಲುತ್ತಾಳೆ. ಅಂಗಡಿಯವರು ಕರೆಯುತ್ತಾರೋ ಇಲ್ಲವೋ ಎಂದು ಬೆನ್ನ ಹಿಂದೆಯೂ ಕಿವಿ ಇಟ್ಟಿರುತ್ತಾಳೆ. ಅಲ್ಲಿ ಎರಡೂ ಕಡೆ ಕಣ್ಣು ತೆರೆದಿದೆ. ಆಟ ಇಬ್ಬರಿಗೂ ಗೊತ್ತು.

ನಮ್ಮ ಕಡೆಯ ದನದ ಜಾತ್ರೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿ ಜಾತ್ರೆಯಂಥ ಕಡೆ ಜೋಡಿ ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಕ್ಕಿಂತ ಬೆರಳಲ್ಲಿ ನಡೆಯುವುದು ಹೆಚ್ಚು. ಕೊಳ್ಳುವವರೂ ಮಾರುವವರೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಎಷ್ಟು ಬೆರಳು ಹಿಡಿದರು, ಎಷ್ಟು ಬಿಟ್ಟರು ಎನ್ನುವುದೇ ಚೌಕಾಶಿ. ಸುತ್ತ ನಿಂತ ನೂರು ಜನಕ್ಕೆ ಬೆಲೆ ತಿಳಿಯುವುದಿಲ್ಲ. ಆದರೆ ಟವೆಲ್ಲಿನ ಕೆಳಗಿನ ಎರಡು ಕೈಗಳಿಗೆ ಸಮನಾಗಿ ತಿಳಿಯುತ್ತದೆ. ಗುಟ್ಟು ಇದೆ, ಆದರೆ ವ್ಯವಹಾರದ ಒಳಗಿರುವ ಇಬ್ಬರ ನಡುವೆ ಗುಟ್ಟಿಲ್ಲ. ಇಂಟರ್ನೆಟ್ಟಿನ ವ್ಯಾಪಾರ ಈ ಟವೆಲ್ಲನ್ನು ತಿರುಗಿಸಿ ಹಾಕಿದೆ. ಕೊಳ್ಳಲು ಬಂದವರ ಒಂದೊಂದು ಹೆಜ್ಜೆಯೂ ನನಗೆ, ನಾನು ಬಳಸುವ ಕಂಪನಿಗೆ, ಜಾಹೀರಾತಿನವರಿಗೆ, ಅಂದರೆ ಸುತ್ತ ನಿಂತವರಿಗೆಲ್ಲ ತಿಳಿಯುತ್ತದೆ. ತಿಳಿಯದೇ ಇರುವುದು ಕೈ ಕೊಟ್ಟವರಿಗೆ ಮಾತ್ರ.

ಹಾಗಾಗಿ 'ಎಲ್ಲರೂ ನೋಡುತ್ತಾರೆ' ಎಂಬ ಸಮರ್ಥನೆ ಅರ್ಧ ದಾರಿಗೇ ನಿಲ್ಲುತ್ತದೆ. ನೋಡುವುದು ತಪ್ಪಲ್ಲ ಎಂದು ಒಪ್ಪಬಹುದು. ಒಂದೇ ಕಡೆಯಿಂದ ನೋಡುವುದು ಬೇರೆಯ ವಿಷಯ. ಆ ಏರುಪೇರನ್ನು ಏನು ಮಾಡುತ್ತೇವೆ ಎನ್ನುವುದರ ಮೇಲೆ ಸರಿ ತಪ್ಪು ನಿಂತಿದೆ.

ಅದಕ್ಕಿಂತ ಮೊದಲು, ನಾನು ನಿಜವಾಗಿ ಏನನ್ನು ನೋಡುತ್ತೇನೆ ಎಂದು ಹೇಳಬೇಕು. ಈ ಅಂಕಿಗಳಿಗೆ ದೊಡ್ಡ ಮರ್ಯಾದೆ ಇದೆ. ಹೊರಗಿನವರು 'ಡೇಟಾ ಹೇಳ್ತಿದೆ' ಎಂದರೆ ಕೇಳಿದವರು ಸುಮ್ಮನಾಗುತ್ತಾರೆ. ಒಳಗಿರುವವರಿಗೆ ಗೊತ್ತು, ಡೇಟಾ ಎಷ್ಟು ತೊದಲುತ್ತದೆ ಎಂದು.

ಗೂಗಲ್ ಕಂಪನಿ 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಅನ್ನು ಉಚಿತವಾಗಿ ಬಿಟ್ಟಿತು. ಅಲ್ಲಿಯವರೆಗೆ ದೊಡ್ಡ ಕಂಪನಿಗಳು ಮಾತ್ರ ದುಡ್ಡು ಕೊಟ್ಟು ನೋಡಬಹುದಾಗಿದ್ದ ಅಂಕಿಗಳು ಶ್ರೀನಿವಾಸಪುರದ ಮಾವಿನ ತೋಟದವರಿಗೂ ಸಿಗುವಂತಾಯಿತು. ಅದರ ಹಳೆಯ ಕ್ರಮದಲ್ಲಿ ಒಬ್ಬರು ಒಂದು ಪುಟದಲ್ಲಿ ಎಷ್ಟು ಹೊತ್ತು ಇದ್ದರು ಎಂದು ಲೆಕ್ಕ ಹಾಕುತ್ತಿದ್ದದ್ದು ಹೀಗೆ: ಅವರು ಮುಂದಿನ ಪುಟ ತೆರೆದ ಸಮಯದಿಂದ ಈ ಪುಟ ತೆರೆದ ಸಮಯವನ್ನು ಕಳೆಯುವುದು. ಮುಂದಿನ ಪುಟವನ್ನೇ ತೆರೆಯದಿದ್ದರೆ? ಕಳೆಯಲು ಏನೂ ಇಲ್ಲ. ಆಗ ದಾಖಲಾಗುತ್ತಿದ್ದದ್ದು ಸೊನ್ನೆ.

ಇದರ ಅರ್ಥ ನೋಡಿ. ಒಬ್ಬರು ಒಂದು ಲೇಖನವನ್ನು ಹುಡುಕಿಕೊಂಡು ಬಂದರು. ಮೊದಲಿಂದ ಕೊನೆಯವರೆಗೆ ಇಪ್ಪತ್ತು ನಿಮಿಷ ಓದಿದರು. ಓದಿ ಮುಗಿಸಿ, ಮನಸ್ಸು ತುಂಬಿ, ಫೋನನ್ನು ಪಕ್ಕಕ್ಕಿಟ್ಟು ಕಿಟಕಿಯ ಹೊರಗೆ ನೋಡುತ್ತಾ ಕೂತರು. ನನ್ನ ಡ್ಯಾಶ್‌ಬೋರ್ಡಿನಲ್ಲಿ ಅವರು ಸೊನ್ನೆ ಸೆಕೆಂಡಿನ ಓದುಗರು. ಅಷ್ಟೇ ಅಲ್ಲ, 'ಬೌನ್ಸ್' ಆದವರು, ಅಂದರೆ ಚೆಂಡಿನ ಹಾಗೆ ಬಡಿದು ಪುಟಿದು ಹೋದವರು. ಇನ್ನೊಬ್ಬರು ಬೇಕಾದ್ದು ಸಿಗದೆ ಸಿಡುಕುತ್ತಾ ಐದಾರು ಪುಟ ತಡಕಾಡಿ ಹೋದರು. ಅವರು ಒಳ್ಳೆಯ ಓದುಗರು. ತೃಪ್ತಿಪಟ್ಟವರು ನಷ್ಟದ ಖಾತೆಗೆ, ಅಲೆದಾಡಿದವರು ಲಾಭದ ಖಾತೆಗೆ. 2023ರ ಜುಲೈ 1ರಂದು ಆ ಹಳೆಯ ಕ್ರಮವನ್ನು ಗೂಗಲ್ ನಿಲ್ಲಿಸಿತು. ಈಗಿನದರಲ್ಲಿ 10 ಸೆಕೆಂಡಿಗಿಂತ ಹೆಚ್ಚು ನಿಂತರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ನಾವು ಮುಖ್ಯ ಎಂದು ಗುರುತು ಹಾಕಿದ ಒಂದು ಕೆಲಸ ಮಾಡಿದರೆ ಆ ಭೇಟಿಗೆ ಬೆಲೆ. ಸುಧಾರಣೆ ನಿಜ. ಆದರೆ ಅಷ್ಟು ವರ್ಷ ಜಗತ್ತಿನಾದ್ಯಂತ ಎಷ್ಟು ಬರಹಗಳನ್ನು ಕತ್ತರಿಸಿದರು, ಎಷ್ಟು ಪುಟಗಳಿಗೆ 'ಇದನ್ನೂ ಓದಿ' ಎಂಬ ಬಾಲ ಅಂಟಿಸಿದರು, ಆ ಸೊನ್ನೆಯನ್ನು ನಂಬಿ!

ಊರಿನ ವಿಷಯಕ್ಕೆ ಬಂದರೆ ತೊದಲು ಇನ್ನೂ ಹೆಚ್ಚು. ಶ್ರೀನಿವಾಸಪುರದಲ್ಲಿ ಮೊಬೈಲ್ ಹಿಡಿದು ನೋಡಿದವರು ಎಷ್ಟೋ ಸಲ ಬೆಂಗಳೂರಿನವರಾಗಿಯೋ ಚೆನ್ನೈನವರಾಗಿಯೋ ದಾಖಲಾಗುತ್ತಾರೆ. ಯಾಕೆಂದರೆ ಅವರ ಮೊಬೈಲ್ ಜಾಲ ದೊಡ್ಡ ಇಂಟರ್ನೆಟ್ಟಿಗೆ ಸೇರಿಕೊಳ್ಳುವ ಬಾಗಿಲು ಅಲ್ಲಿರುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮುಳಬಾಗಿಲಿನವರ ಭಾಷೆ 'ಇಂಗ್ಲಿಷ್' ಎಂದು ಬರುತ್ತದೆ. ಫೋನ್ ಕೊಂಡಾಗ ಇದ್ದ ಭಾಷೆಯನ್ನು ಅವರು ಬದಲಾಯಿಸಿಲ್ಲ, ಅಷ್ಟೆ. ಒಂದೇ ಫೋನಿನಲ್ಲಿ ಅಮ್ಮ ಟ್ಯೂಷನ್ ಫೀಸು ನೋಡುತ್ತಾಳೆ, ಮಗಳು ಪಾಠ ನೋಡುತ್ತಾಳೆ, ಮಾವ ಹವಾಮಾನ ನೋಡುತ್ತಾರೆ. ಲೆಕ್ಕಕ್ಕೆ ಮೂವರೂ ಸೇರಿ ಒಬ್ಬ. ಕಚೇರಿಯ ಕಂಪ್ಯೂಟರಿನಲ್ಲೊಮ್ಮೆ, ತನ್ನ ಫೋನಿನಲ್ಲೊಮ್ಮೆ ನೋಡಿದವರು ಇಬ್ಬರು. ಹೀಗೆ ಎಣಿಸಿದ ಮೇಲೆ ಬರುವ ತೀರ್ಮಾನ: 'ನಮ್ಮ ಗ್ರಾಹಕರು ಹೆಚ್ಚಾಗಿ ಬೆಂಗಳೂರಿನ ಇಂಗ್ಲಿಷ್ ಬಲ್ಲವರು, ಕನ್ನಡದ ಪುಟ ಬೇಕಾಗಿಲ್ಲ.' ಎಣಿಕೆಯಲ್ಲಿ ಕೋಲಾರ ಇಲ್ಲದ ಕಾರಣಕ್ಕೆ ವೆಬ್‌ಸೈಟಿನಲ್ಲೂ ಕೋಲಾರ ಇಲ್ಲವಾಗುತ್ತದೆ. ಕನ್ನಡದ ಪುಟ ಇಲ್ಲದ ಮೇಲೆ ಕನ್ನಡದವರು ಬರುವುದಿಲ್ಲ. ಮುಂದಿನ ವರ್ಷದ ಲೆಕ್ಕ ಹಿಂದಿನ ವರ್ಷದ ತೀರ್ಮಾನವನ್ನು ಸರಿ ಎಂದು ಸಾಧಿಸಿಬಿಡುತ್ತದೆ.

ಆದ್ದರಿಂದ ಈ ಕೆಲಸದ ಮೊದಲ ನೈತಿಕ ಪ್ರಶ್ನೆ ಇಣುಕಿ ನೋಡುವುದರದ್ದಲ್ಲ. ಅರೆಬರೆ ನೋಡಿ ಪೂರ್ತಿ ನೋಡಿದೆ ಎಂದುಕೊಳ್ಳುವುದರದ್ದು. ಒಬ್ಬ ಮನುಷ್ಯನ ಬಗ್ಗೆ ತಪ್ಪು ತಿಳಿದು, ಆ ತಪ್ಪನ್ನೇ ಆಧಾರ ಮಾಡಿಕೊಂಡು ಅವನ ಬಗ್ಗೆ ನಿರ್ಧಾರ ಮಾಡುವುದೂ ಅನ್ಯಾಯವೇ.

ಇಲ್ಲಿ ನನಗೆ ನಮ್ಮ ನೆಲದ ಇಬ್ಬರು ಹಿರಿಯರು ನೆನಪಾಗುತ್ತಾರೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಅವರು 1912ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಶುರುಮಾಡಿದರು. ಪತ್ರಿಕೆಯ ಕೆಲಸದ ಬಗ್ಗೆಯೇ 'ವೃತ್ತಪತ್ರಿಕೆ' ಎಂಬ ಪುಸ್ತಕ ಬರೆದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು 1944ರಿಂದ ಎರಡು ದಶಕ 'ಜೀವನ' ಪತ್ರಿಕೆ ನಡೆಸಿದರು. ಚಂದಾದಾರರ ಪಟ್ಟಿ, ಅಂಚೆಯಲ್ಲಿ ಬರುವ ಪತ್ರ, ಎದುರು ಸಿಕ್ಕವರು ಆಡುವ ಮಾತು ಬಿಟ್ಟರೆ ಅಂದಿನ ಸಂಪಾದಕರಿಗೆ ಓದುಗ ಕಾಣುತ್ತಿರಲಿಲ್ಲ. ಯಾರು ಯಾವ ಪುಟದವರೆಗೆ ಓದಿದರು, ಯಾವ ಸಾಲಿನಲ್ಲಿ ಆಕಳಿಸಿದರು ಎಂದು ತಿಳಿಯುವ ದಾರಿ ಇರಲಿಲ್ಲ. ಕಾಣದ ಓದುಗನನ್ನು ಅವರು ಊಹಿಸಿಕೊಳ್ಳಬೇಕಾಗಿತ್ತು. ಊಹಿಸಿಕೊಳ್ಳುವಾಗ ಮನುಷ್ಯನನ್ನು ಸಾಮಾನ್ಯವಾಗಿ ಸ್ವಲ್ಪ ಎತ್ತರದಲ್ಲಿಟ್ಟು ಊಹಿಸುತ್ತೇವೆ: ಇವನು ಯೋಚಿಸಬಲ್ಲ, ಕಾಯಬಲ್ಲ, ಕಷ್ಟವಾದರೂ ಓದಬಲ್ಲ ಎಂದು. ನನ್ನ ಡ್ಯಾಶ್‌ಬೋರ್ಡು ಊಹಿಸುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ದಣಿದು ಮಲಗಿ, ಹೆಬ್ಬೆರಳಿನಿಂದ ಪರದೆ ತಳ್ಳುತ್ತಿರುವ ಮನುಷ್ಯನನ್ನು ತೋರಿಸಿ 'ಇವನೇ ನಿನ್ನ ಓದುಗ, ಇವನಿಗೆ ತಕ್ಕಂತೆ ಬರೆ' ಎನ್ನುತ್ತದೆ. ಅದು ತೋರಿಸುವುದು ಸುಳ್ಳಲ್ಲ. ಆದರೆ ಒಬ್ಬ ಮನುಷ್ಯನ ಅತಿ ದುರ್ಬಲ ಗಳಿಗೆಯನ್ನು ಹಿಡಿದು ಅದೇ ಅವನ ಇಷ್ಟ ಎನ್ನುವುದು ನಿಜವೂ ಅಲ್ಲ. ಹಾಗೆಂದು ಹಳೆಯ ಕಾಲಕ್ಕೆ ಕೈಮುಗಿದು ಕೂರುವಂತೆಯೂ ಇಲ್ಲ. ಕಾಣದ ಓದುಗನನ್ನು ಊಹಿಸಿಕೊಂಡ ಎಷ್ಟೋ ಸಂಪಾದಕರು ತಮ್ಮಂಥವರನ್ನೇ ಊಹಿಸಿಕೊಂಡರು. ಹೆಂಗಸರನ್ನು, ಹಳ್ಳಿಯವರನ್ನು, ಈಗತಾನೆ ಓದು ಕಲಿತವರನ್ನು ಮರೆತರು. ಎಣಿಸಿ ನೋಡುವುದಕ್ಕೆ ಅಂಥ ಮರೆವನ್ನು ಮುರಿಯುವ ಶಕ್ತಿಯೂ ಇದೆ, ಸರಿಯಾಗಿ ಎಣಿಸಿದರೆ.

ಅಂಕಿಯ ಹಿಂದೆ ಓಡುವುದು ಎಲ್ಲಿಗೆ ಮುಟ್ಟಿಸುತ್ತದೆ ಎಂದು ನಮ್ಮ ಟೊಮೆಟೊ ಬೆಳೆಗಾರರಿಗಿಂತ ಚೆನ್ನಾಗಿ ತಿಳಿದವರಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಆ ಅಂಕಿ ದೇಶದ ಎಲ್ಲ ಫೋನುಗಳಲ್ಲೂ ಓಡಾಡಿತು. ನೋಡಿದವರು ನಾಟಿ ಮಾಡಿದರು. ಸೆಪ್ಟೆಂಬರಿನ ಹೊತ್ತಿಗೆ ಬೆಲೆ ನೆಲ ಹಿಡಿಯಿತು. ಜುಲೈನ ಅಂಕಿ ಸುಳ್ಳಾಗಿರಲಿಲ್ಲ. ಆದರೆ ಅದು ಜುಲೈನಲ್ಲಿ ಕಿತ್ತವರ ಅಂಕಿ, ಜುಲೈನಲ್ಲಿ ನೆಟ್ಟವರದ್ದಲ್ಲ. ಎಲ್ಲರೂ ಒಂದೇ ಅಂಕಿಯ ಕಡೆ ನೋಡಿ ಒಂದೇ ಕಡೆ ಹೆಜ್ಜೆ ಇಟ್ಟಾಗ ಆ ಅಂಕಿಗೆ ಇದ್ದ ಅರ್ಥವೇ ಹೋಗಿಬಿಡುತ್ತದೆ. ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲಿ ಹಣಕಾಸಿನ ನೀತಿಯ ಬಗ್ಗೆ ಹೇಳಿದ ಮಾತು ಇದಕ್ಕೆ ಹತ್ತಿರದ್ದು: ಯಾವುದೋ ಒಂದು ಅಳತೆಯನ್ನು ಹಿಡಿದು ಅದನ್ನೇ ಗುರಿ ಮಾಡಿಕೊಂಡು ಒತ್ತಿದರೆ ಆ ಅಳತೆ ಕೆಟ್ಟುಹೋಗುತ್ತದೆ. ಒಂದು ಶೀರ್ಷಿಕೆಗೆ ಹೆಚ್ಚು ಕ್ಲಿಕ್ ಬಂತೆಂದು ಎಲ್ಲರೂ ಅದೇ ಬಗೆಯ ಶೀರ್ಷಿಕೆ ಹಾಕಿದ ಮೇಲೆ ಕ್ಲಿಕ್ ಯಾವುದನ್ನೂ ಹೇಳುವುದಿಲ್ಲ, ನಾವು ಎಷ್ಟು ಜೋರಾಗಿ ಕೂಗಿದೆವು ಎಂಬುದನ್ನು ಬಿಟ್ಟು.

ಹಾಗಾದರೆ ಈ ನೋಟದಿಂದ ಒಳ್ಳೆಯದೇನೂ ಆಗುವುದಿಲ್ಲವೇ? ಆಗುತ್ತದೆ.

ಶ್ರೀನಿವಾಸಪುರದ ಮಾವು ಬೆಳೆಗಾರರಿಗೆ ನೇರವಾಗಿ ಮಾರುವುದು ಶೋಕಿಯಲ್ಲ. 2025ರ ಜೂನ್‌ನಲ್ಲಿ ತೋತಾಪುರಿಯ ಬೆಲೆ ಕುಸಿದಾಗ ಅಲ್ಲಿ ಬಂದ್ ಆಚರಿಸಿ ಬೆಳೆಗಾರರು ಬೀದಿಗಿಳಿದರು. ಅದೇ ಹೊತ್ತಿಗೆ ಗಡಿಯಾಚೆಯ ಚಿತ್ತೂರು ಜಿಲ್ಲೆ, ಎಲ್ಲಿನ ತಿರುಳು ಕಾರ್ಖಾನೆಗಳಿಗೆ ನಮ್ಮ ಹಣ್ಣು ಹೋಗುತ್ತಿತ್ತೋ ಅಲ್ಲಿ, ಕರ್ನಾಟಕದ ತೋತಾಪುರಿ ಒಳಬರದಂತೆ ತಡೆಯಿತು. ಒಂದೇ ಬಾಗಿಲನ್ನು ನಂಬಿದವರಿಗೆ ಆ ಬಾಗಿಲು ಮುಚ್ಚಿದರೆ ಮರದಲ್ಲೇ ಹಣ್ಣು ಬಿಡಬೇಕು. ತಿನ್ನುವ ಹಣ್ಣು ಬೆಳೆದವರಿಗೆ ಇನ್ನೊಂದು ಬಾಗಿಲು ಇರಲಿ ಎಂದೇ ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ 'ಕರ್‌ಸಿರಿ' ಜಾಲತಾಣ ಮಾಡಿದ್ದು, ಅಂಚೆ ಇಲಾಖೆ ಮಾವಿನ ಪೆಟ್ಟಿಗೆಯನ್ನು ಬೆಂಗಳೂರಿನ ಮನೆಮನೆಗೆ ಮುಟ್ಟಿಸತೊಡಗಿದ್ದು. ನಾನು ನೋಡಿಕೊಳ್ಳುವ ತೋಟದವರು ತಮ್ಮದೇ ಒಂದು ಪುಟ್ಟ ಪುಟದಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ ಮಾರುತ್ತಾರೆ.

ಆ ಪುಟಕ್ಕೆ ಜನ ಬರುತ್ತಿದ್ದರು, ಹಣ್ಣು ಆರಿಸುತ್ತಿದ್ದರು, ವಿಳಾಸ ಬರೆಯುವ ಜಾಗದಲ್ಲಿ ನಿಂತು ಹೋಗಿಬಿಡುತ್ತಿದ್ದರು. ಎಲ್ಲಿ ನಿಂತರು ಎಂದು ಅಂಕಿ ನಿಖರವಾಗಿ ಹೇಳಿತು. ಯಾಕೆ ಎಂದು ಹೇಳಲಿಲ್ಲ. ಬೆಲೆ ಜಾಸ್ತಿಯಾಯಿತು, ಇಳಿಸಿ ಎಂದರು ಒಬ್ಬ ಸಲಹೆಗಾರರು. ಬೆಲೆ ಇಳಿಸಿದರೆ ಕೈ ಸುಡುವುದು ಬೆಳೆದವರಿಗೆ. ನಾನು ಹಿಂದಿನ ವರ್ಷ ಹಣ್ಣು ತರಿಸಿಕೊಂಡು ಈ ವರ್ಷ ತರಿಸದಿದ್ದ ಕೆಲವರಿಗೆ ಫೋನು ಮಾಡಿ, ಯಾರೆಂದು ಹೇಳಿ, ಕೇಳಿದೆ. ಯಾರೂ ಬೆಲೆಯ ಮಾತೆತ್ತಲಿಲ್ಲ. 'ಕಾಯಿ ಬರುತ್ತೋ ಹಣ್ಣು ಬರುತ್ತೋ ಗೊತ್ತಾಗಲ್ಲ', 'ನಾವು ಮನೇಲಿ ಇಲ್ಲದ ದಿನ ಬಂದರೆ ಏನು ಮಾಡೋದು', 'ಕಾರ್ಬೈಡ್ ಹಾಕಿದ್ದಲ್ಲ ಅಂತ ಹೇಗೆ ನಂಬೋದು' ಎಂದರು. ಅದನ್ನೆಲ್ಲ ಪುಟದಲ್ಲಿ ಬರೆದೆವು: ಹಣ್ಣು ಹುಲ್ಲಿನಲ್ಲಿ ಅಡೆ ಹಾಕಿದ್ದು, ಪೆಟ್ಟಿಗೆ ಬಂದಾಗ ಸ್ವಲ್ಪ ಗಟ್ಟಿ ಇರುತ್ತದೆ, ಎರಡು ಮೂರು ದಿನ ಹೊರಗಿಡಿ, ಫ್ರಿಜ್ಜಿನಲ್ಲಿ ಇಡಬೇಡಿ, ಬರುವ ದಿನ ನೀವೇ ಆರಿಸಿ. ಆರ್ಡರುಗಳು ಹೆಚ್ಚಿದವು. ಇಲ್ಲಿ ನೋಡಿಸಿಕೊಂಡವರಿಗೇನೂ ನಷ್ಟವಾಗಲಿಲ್ಲ. ಅವರ ತಡವರಿಕೆಯನ್ನು ನೋಡಿದ್ದು ಆ ತಡವರಿಕೆಯನ್ನು ಕಳೆಯುವುದಕ್ಕೆ ಖರ್ಚಾಯಿತು. ಮತ್ತೆ, ಅಂಕಿ ಬೆರಳು ತೋರಿಸಿ ನಿಂತ ಜಾಗದಿಂದ ಮುಂದಕ್ಕೆ ಹೋಗಲು ಬಾಯಿಬಿಟ್ಟು ಕೇಳಬೇಕಾಯಿತು. ಕೇಳುವಾಗ ನಾನೂ ಅವರಿಗೆ ಕಂಡೆ.

ಕಷ್ಟದ ಮಾತು ಇದರ ನಂತರ ಬಂತು. ಅದೇ ಸಲಹೆಗಾರರು ಇನ್ನೊಂದು ಉಪಾಯ ಹೇಳಿದರು. ಪುಟದ ಮೇಲೆ 'ಇನ್ನು 3 ಪೆಟ್ಟಿಗೆ ಮಾತ್ರ ಉಳಿದಿವೆ' ಎಂದು ಕೆಂಪಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಇಳಿಯುತ್ತಾ ಬರುವ ಗಡಿಯಾರ ಇಡಿ. ತೋಟದಲ್ಲಿ ಎಷ್ಟು ಹಣ್ಣಿದೆ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅರ್ಧ ಜನರಿಗೆ ಆ ಪುಟ, ಅರ್ಧ ಜನರಿಗೆ ಮಾಮೂಲಿ ಪುಟ ತೋರಿಸಿ ಯಾವುದು ಗೆಲ್ಲುತ್ತದೆ ನೋಡಿ. ಇದಕ್ಕೆ ಎ-ಬಿ ಟೆಸ್ಟ್ ಎನ್ನುತ್ತಾರೆ. ನಾನು ಬೇಡವೆಂದೆ. ತೋಟದ ಯಜಮಾನರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ತಕ್ಷಣ ಒಪ್ಪಲಿಲ್ಲ.

'ನೋಡಪ್ಪಾ, ಮಂಡೀಲಿ ನಮಗೆ ಯಾರಾದ್ರೂ ನಿಜ ಹೇಳ್ತಾರಾ? ಲೋಡು ಜಾಸ್ತಿ ಬಂದಿದೆ, ಬೇಗ ಕೊಟ್ಟುಬಿಡು, ಸಾಯಂಕಾಲ ಆದ್ರೆ ಇದೂ ಸಿಗಲ್ಲ ಅಂತಾರೆ. ನಾವು ನಂಬಿ ಕೊಟ್ಟುಬರ್ತೀವಿ. ನಮಗೆ ಎಲ್ಲರೂ ಮಾಡೋದನ್ನ ನಾವು ಒಂದ್ಸಲ ಮಾಡಿದ್ರೆ ತಪ್ಪಾ?'

'ಅಣ್ಣಾ, ಹಂಗೆ ಕೊಟ್ಟುಬಂದ ದಿನ ನಿಮಗೆ ಹೆಂಗಿರುತ್ತೆ?' ಎಂದೆ.

ಅವರು ಉತ್ತರ ಹೇಳಲಿಲ್ಲ. ಆದರೆ ಅವರ ಪ್ರಶ್ನೆಗೆ ನನ್ನ ಮಾತು ಪೂರ್ತಿ ಉತ್ತರವಲ್ಲ ಎಂದು ನನಗೂ ಗೊತ್ತು. ನೀತಿ ನನ್ನದು, ಅದರ ಬೆಲೆ ತೆರುವವರು ಅವರು. ಸಾಲ ನನ್ನ ಹೆಸರಿನಲ್ಲಿಲ್ಲ. ಹಣ್ಣು ಕೊಳೆಯುವುದು ನನ್ನ ತೋಟದಲ್ಲಲ್ಲ. ಇನ್ನೊಬ್ಬರ ಹೊಟ್ಟೆಯ ಮೇಲೆ ನನ್ನ ಆತ್ಮಸಾಕ್ಷಿಯನ್ನು ಕಟ್ಟಿಕೊಳ್ಳುವುದು ಅಗ್ಗದ ಕೆಲಸ. ಹೀಗಿದ್ದೂ ಬೇಡವೆಂದದ್ದಕ್ಕೆ ಕಾರಣವಿದೆ. ಬೆಂಗಳೂರಿನ ಯಾವುದೋ ಮನೆಯಲ್ಲಿ ಗಡಿಯಾರ ನೋಡಿ ಗಾಬರಿಯಿಂದ ಒತ್ತುವವರು ಮಂಡಿಯ ದಲ್ಲಾಳಿಯಲ್ಲ. ಮಂಡಿಯಲ್ಲಿ ಅನುಭವಿಸಿದ್ದನ್ನು ಮಂಡಿಗೆ ಹಿಂತಿರುಗಿಸಲು ಆಗದೆ, ನಂಬಿ ಬಂದ ಮೂರನೆಯವರಿಗೆ ದಾಟಿಸುವುದು ನ್ಯಾಯ ಆಗುವುದಿಲ್ಲ. ನೇರ ಮಾರಾಟ ಎನ್ನುವುದು ನಡುವಿನ ಸುಳ್ಳನ್ನು ತೆಗೆಯುವುದಕ್ಕೆ ಹುಟ್ಟಿದ್ದು.

ಕೊನೆಗೆ ಪುಟದಲ್ಲಿ ಬರೆದದ್ದು ಇಷ್ಟು: ಈ ತೋಟದ ಬಾದಾಮಿ ಇಂಥ ವಾರದವರೆಗೆ ಸಿಗಬಹುದು, ಆಮೇಲೆ ಮಲ್ಲಿಕಾ. ಮಳೆ ಬಿದ್ದರೆ ಬೇಗ ಮುಗಿಯುತ್ತದೆ. ಮಾವಿಗೆ ಸುಳ್ಳು ಅವಸರ ಬೇಕಾಗಿಲ್ಲ, ಅದರ ಹಂಗಾಮೇ ಒಂದು ಗಡಿಯಾರ. ಸುಳ್ಳು ಹಾಕಿದ್ದರೆ ಇನ್ನೂ ಹೆಚ್ಚು ಮಾರುತ್ತಿತ್ತೇ? ಮಾರುತ್ತಿತ್ತೇನೋ. ಅಳೆದು ನೋಡಲಿಲ್ಲ. ಕೆಲವನ್ನು ಅಳೆಯಲೇಬಾರದು ಎಂದು ನನಗನ್ನಿಸುತ್ತದೆ. ಯಾಕೆಂದರೆ ಅಳೆಯಬೇಕಾದರೆ ಅರ್ಧ ಜನರಿಗೆ ಸುಳ್ಳು ಹೇಳಿಯೇ ಅಳೆಯಬೇಕು.

ಇಂಥ ಅಳತೆ ದೊಡ್ಡ ಪ್ರಮಾಣದಲ್ಲಿ ನಡೆದದ್ದೂ ಉಂಟು. 2012ರಲ್ಲಿ ಫೇಸ್‌ಬುಕ್ 6,89,003 ಬಳಕೆದಾರರಿಗೆ ತಿಳಿಸದೆ, ಅವರಿಗೆ ಕಾಣುವ ಪೋಸ್ಟುಗಳಲ್ಲಿ ಸಂತೋಷದವನ್ನೋ ದುಃಖದವನ್ನೋ ಕಡಿಮೆ ಮಾಡಿ, ಅವರ ಬರವಣಿಗೆ ಬದಲಾಗುತ್ತದೆಯೇ ಎಂದು ನೋಡಿತು. ಫಲಿತಾಂಶ 2014ರಲ್ಲಿ ಪ್ರಕಟವಾದಾಗ ಜಗತ್ತು ಬೆಚ್ಚಿತು. ಕಂಡುಬಂದ ಪರಿಣಾಮ ಬಹಳ ಸಣ್ಣದು. ಬೆಚ್ಚಿದ್ದು ಅದಕ್ಕಲ್ಲ, ಕೇಳದೆ ಮಾಡಿದ್ದಕ್ಕೆ.

ಕಾನೂನು ನಿಧಾನವಾಗಿ ಹಿಂದೆ ಬರುತ್ತಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಪ್ರಕರಣ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಅದರಲ್ಲೊಂದು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಓದುವ ಅವಕಾಶ ಇರಬೇಕು ಎನ್ನುತ್ತದೆ. ಕನ್ನಡವೂ ತೆಲುಗೂ ಅದರಲ್ಲಿವೆ. ನಮ್ಮ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಅರ್ಥವಾಗದ ಭಾಷೆಯಲ್ಲಿ 'ಒಪ್ಪುತ್ತೇನೆ' ಎಂದು ಒತ್ತಿಸಿಕೊಳ್ಳುವುದಕ್ಕೂ, ಓದಲು ಬಾರದವರ ಹೆಬ್ಬೆಟ್ಟನ್ನು ಸಾಲದ ಪತ್ರಕ್ಕೆ ಒತ್ತಿಸಿಕೊಳ್ಳುವುದಕ್ಕೂ ಹೆಚ್ಚಿನ ದೂರವಿಲ್ಲ.

ಡೇಟಾ ಎಂದರೆ ಹೊಸ ಚಿನ್ನ ಎಂದು ಹೇಳುವವರಿದ್ದಾರೆ. ಚಿನ್ನದ ಜಿಲ್ಲೆಯಲ್ಲಿ ಹುಟ್ಟಿದವರು ಆ ಮಾತನ್ನು ಸ್ವಲ್ಪ ಬೇರೆ ರೀತಿ ಕೇಳಿಸಿಕೊಳ್ಳುತ್ತಾರೆ. ಕೆಜಿಎಫ್‌ನಲ್ಲಿ ನೂರಿಪ್ಪತ್ತು ವರ್ಷ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 800 ಟನ್ನಿಗೂ ಹೆಚ್ಚು ಚಿನ್ನ ತೆಗೆದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಒಂದು ಗ್ರಾಂ ಬಿಡದಂತೆ ಲೆಕ್ಕದಲ್ಲಿತ್ತು, ಲೆಕ್ಕದ ಜೊತೆಗೇ ಹೊರಟುಹೋಯಿತು. ಉಳಿದದ್ದು ಸೈನೈಡ್ ಗುಡ್ಡಗಳು. ಗಾಳಿ ಬಂದರೆ ಆ ದೂಳು ಇವತ್ತಿಗೂ ಊರಿನ ಮೇಲೆ ಹಾರುತ್ತದೆ. ನಾವು ತೆಗೆದು ಬಳಸಿ ಬಿಟ್ಟ ಜನರ ಮಾಹಿತಿಯೂ ಹಾಗೆಯೇ ಎಲ್ಲೋ ರಾಶಿ ಬಿದ್ದಿರುತ್ತದೆ. ಟ್ಯೂಷನ್ ಫೀಸು ನೋಡಿದ ಅಮ್ಮನ ಫೋನಿಗೆ ವಾರಗಟ್ಟಲೆ ಸಾಲದ ಜಾಹೀರಾತು ಬರುವುದು ಇಂಥ ರಾಶಿಗಳಿಂದಲೇ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಅಗೆಯದಿರುವುದು, ಬಳಸಿ ಮುಗಿದದ್ದನ್ನು ಅಳಿಸುವುದು ಈ ಕೆಲಸದ ಶುಚಿತ್ವ. ಟ್ಯೂಷನ್ ಕೇಂದ್ರದ ಪುಟದಿಂದ ಜಾಹೀರಾತಿನ ಕೋಡನ್ನು ತೆಗೆಸಿದ್ದು ಆ ಕಾರಣಕ್ಕೆ. ಅಲ್ಲಿ ಬರುವವರು ಮಕ್ಕಳು ಮತ್ತು ಮಕ್ಕಳ ಬಗ್ಗೆ ಭಯ ಇರುವವರು.

ಈಗ ಹೊಸ ಪುಟ ಕೈಗೆತ್ತಿಕೊಂಡಾಗ ಮೂರು ಮಾತು ಕೇಳಿಕೊಳ್ಳುತ್ತೇನೆ. ನಾನು ಹೀಗೆ ನೋಡುತ್ತಿದ್ದೇನೆ ಎಂದು ಈ ಮನುಷ್ಯನ ಎದುರು ಕೂತು, ಅವನ ಭಾಷೆಯಲ್ಲಿ, ನಾಚಿಕೆಯಿಲ್ಲದೆ ಹೇಳಬಲ್ಲೆನೇ? ನೋಡಿ ತಿಳಿದದ್ದು ಅವನ ಕೆಲಸಕ್ಕೂ ಬರುತ್ತದೆಯೇ, ನನ್ನ ಕೆಲಸಕ್ಕೆ ಮಾತ್ರವೇ? ಈ ಎಣಿಕೆಯಲ್ಲಿ ಯಾರು ಬಿಟ್ಟುಹೋಗಿದ್ದಾರೆ? ಮೊದಲನೆಯದಕ್ಕೆ ಇಲ್ಲ ಎಂದು ಬಂದರೆ ಆ ಕೋಡು ಹಾಕುವುದಿಲ್ಲ. ಎರಡನೆಯದರಲ್ಲಿ ಹೆಚ್ಚಿನ ಸಲ ಉತ್ತರ ಎರಡೂ ಕಡೆ ಬೀಳುತ್ತದೆ, ವ್ಯಾಪಾರ ಎಂದರೆ ಅದೇ. ಮೂರನೆಯದಕ್ಕೆ ಪರದೆಯಲ್ಲಿ ಉತ್ತರ ಸಿಗುವುದಿಲ್ಲ. ಬಸ್ಸು ಹತ್ತಿ ಹೋಗಿ ಕೇಳಬೇಕು.

ನೋಡುವುದನ್ನು ಬಿಟ್ಟು ಬದುಕಲಾಗುವುದಿಲ್ಲ. ಬೆಳೆದವರಿಗೆ ಕೊಳ್ಳುವವರು ಕಾಣಬೇಕು, ಬರೆಯುವವರಿಗೆ ಓದುವವರು ಕಾಣಬೇಕು. ಆದರೆ ಹಾಗೆ ನೋಡಿದ ಪ್ರತಿ ಸಲವೂ ಏನನ್ನೋ ಕೈಕಡ ತೆಗೆದುಕೊಂಡ ಹಾಗೆ. ತಮ್ಮ ತಡವರಿಕೆ, ಆಸೆ, ಅನುಮಾನ ಎಲ್ಲವನ್ನೂ ಅವರು ತಿಳಿಯದೆಯೇ ನಮ್ಮ ಕೈಯಲ್ಲಿಟ್ಟು ಹೋಗಿದ್ದಾರೆ. ಕೊಟ್ಟಿದ್ದೇ ಗೊತ್ತಿಲ್ಲದವರು ವಾಪಸ್ಸು ಕೇಳಲು ಬರುವುದಿಲ್ಲ. ಅದಕ್ಕೇ ಆ ಸಾಲದ ಲೆಕ್ಕವನ್ನು ತೆಗೆದುಕೊಂಡವರೇ ಇಟ್ಟುಕೊಳ್ಳಬೇಕು.